ಬಾಡಿಗೆ ಮೂಗಿನ ಭಾಗ್ಯ

ವೈನ್ ಮೇಳದ ಫೋಟೊ ಮತ್ತೆ ಬಂದಿದೆ. ಯಾವ ಫೋಟೊ ಎಂದು ಹೇಳಬೇಕಾಗಿಲ್ಲ, ನೀವೂ ನೋಡಿದ್ದೀರಿ. ಮರದ ತೊಟ್ಟಿ, ಅದರೊಳಗೆ ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡ ನಾಲ್ವರು, ಕಾಲಡಿಯಲ್ಲಿ ದ್ರಾಕ್ಷಿ, ಮುಖದಲ್ಲಿ ಫ್ರಾನ್ಸು. ಪಕ್ಕದಲ್ಲಿ ಇನ್ನೊಬ್ಬರು ಗ್ಲಾಸಿನೊಳಕ್ಕೆ ಮೂಗು ಇಳಿಬಿಟ್ಟು ಕಣ್ಣು ಮುಚ್ಚಿದ್ದಾರೆ. ಧ್ಯಾನವೋ ನೆಗಡಿಯೋ ಗೊತ್ತಾಗುವುದಿಲ್ಲ.

ತುಳಿತದ ವಿಷಯ ಮೊದಲು ಮುಗಿಸಿಬಿಡೋಣ. ತೊಟ್ಟಿಗೆ ಸುರಿಯುವುದು ಸಾಮಾನ್ಯವಾಗಿ ತಿನ್ನುವ ದ್ರಾಕ್ಷಿ: ದಪ್ಪ ಹಣ್ಣು, ತೆಳು ಸಿಪ್ಪೆ. ವೈನಿನ ದ್ರಾಕ್ಷಿ ಇದಕ್ಕೆ ಪೂರಾ ತದ್ವಿರುದ್ಧ. ಬಟಾಣಿಗಿಂತ ಒಂದಿಷ್ಟು ದೊಡ್ಡದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಆ ಸಿಪ್ಪೆಯಲ್ಲೇ ಇರುವುದು. ಬಹುಪಾಲು ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣವೇ ಇಲ್ಲ. ಅದಕ್ಕೇ ಸಿಪ್ಪೆಯ ಸಮೇತ 25ರಿಂದ 30 ಡಿಗ್ರಿಯಲ್ಲಿ ವಾರ, ಹತ್ತು ದಿನ ಹುದುಗು ಬರಿಸುತ್ತಾರೆ. ಹುದುಗಿನ ಗಾಳಿ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ಟೋಪಿಯಂತೆ ಕಟ್ಟಿಕೊಳ್ಳುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಒಳಕ್ಕೆ ಅದುಮಬೇಕು, ಬಿಟ್ಟರೆ ಮೇಲೆ ಒಣಗಿ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಬಂದು ಬಿಡಾರ ಹೂಡುತ್ತದೆ. ಮೇಳದ ತೊಟ್ಟಿಗೆ ಈ ಯಾವ ಚಿಂತೆಯೂ ಇಲ್ಲ. ಆ ರಸ ವೈನಾಗುವುದಿಲ್ಲ, ಸೆಲ್ಫಿಯಾಗುತ್ತದೆ.

ಆದರೆ ನನ್ನ ತಕರಾರು ಕಾಲಿನದಲ್ಲ, ಮೂಗಿನದು.

ನಂದಿ ಬೆಟ್ಟದ ತಪ್ಪಲಲ್ಲಿ ಬೆಳೆದ ದ್ರಾಕ್ಷಿ. ಬೇರು ಕೆಂಪು ಮಣ್ಣಿನಲ್ಲಿ, ಕೂಲಿ ಆಂಧ್ರದ ಗಡಿಯವರದು, ಟ್ಯಾಂಕರ್ ನೀರು ದೊಡ್ಡಬಳ್ಳಾಪುರದ್ದು. ಬಾಟಲಿ ತಿರುಗಿಸಿ ಲೇಬಲ್ ಓದಿ: ಬ್ಲ್ಯಾಕ್‌ಕರಂಟ್, ಸೀಡರ್ ಮರ, ಗೂಸ್‌ಬೆರಿ, ಒದ್ದೆ ಕಲ್ಲು, ಮುಗಿಯುವಾಗ ತುಸು ತಂಬಾಕು. ಇಷ್ಟರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸಿಗುವುದು ಒದ್ದೆ ಕಲ್ಲು ಮತ್ತು ತಂಬಾಕು ಮಾತ್ರ.

ಗೂಸ್‌ಬೆರಿಯದೊಂದು ದೊಡ್ಡ ಕಥೆ. ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯ ಗುರುತೇ ಗೂಸ್‌ಬೆರಿ ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ನಮ್ಮವರು ನಿಘಂಟು ತೆಗೆದು ನೋಡಿದರು, ‘ನೆಲ್ಲಿಕಾಯಿ’ ಎಂದಿತ್ತು. ಅಂದಿನಿಂದ ರುಚಿ ಶಿಬಿರಗಳಲ್ಲಿ ಜನ ಗ್ಲಾಸಿನಲ್ಲಿ ಬೆಟ್ಟದ ನೆಲ್ಲಿ ಹುಡುಕುತ್ತಿದ್ದಾರೆ. ಸಿಗುವುದಿಲ್ಲ ಸ್ವಾಮಿ. ಯುರೋಪಿನ ಗೂಸ್‌ಬೆರಿ ಬೇರೆಯೇ ಗಿಡ, ಬ್ಲ್ಯಾಕ್‌ಕರಂಟಿನ ಕುಲದ ಮುಳ್ಳುಪೊದೆ. ನಮ್ಮ ನೆಲ್ಲಿಗೂ ಅದಕ್ಕೂ ಇರುವುದು ಹೆಸರಿನ ಬೀಗತನ ಅಷ್ಟೇ. ನೆಲ್ಲಿಕಾಯಿ ಕಚ್ಚಿದರೆ ಒಗರು, ಆಮೇಲೆ ನೀರು ಕುಡಿದರೆ ಸಿಹಿ. ಸೊವಿನ್ಯೋನ್ ಬ್ಲಾಂಕ್ ಕುಡಿದಮೇಲೆ ನೀರು ಕುಡಿದರೆ ನೀರು ನೀರೇ. ಆದರೂ ಕೈ ಎತ್ತಿ ‘ಹೌದು, ನೆಲ್ಲಿಕಾಯಿ ಬರ್ತಿದೆ’ ಎನ್ನುವವರಿಗೆ ಕೊರತೆಯಿಲ್ಲ.

ನಿಜಕ್ಕೂ ಆ ದ್ರಾಕ್ಷಿಯಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ವಾಸನೆಯೊಂದಿದೆ: ಹಸಿ ದೊಣ್ಣೆಮೆಣಸಿನಕಾಯಿ. ಎರಡರಲ್ಲೂ ಪೈರಜೀನ್ ಎಂಬ ಒಂದೇ ಬಗೆಯ ವಸ್ತು ಇರುತ್ತದೆ. ಹಣ್ಣು ಬಿಸಿಲಿಗೆ ಮಾಗಿದಂತೆಲ್ಲ ಅದು ಇಳಿಯುತ್ತದೆ. ಕ್ಯಾಬರ್ನೆ ಸೊವಿನ್ಯೋನ್ ಇದರ ಮಗು, ಅದರಲ್ಲೂ ಇದೆ. ಕೆಂಪು ಕ್ಯಾಬರ್ನೆಯಲ್ಲಿ ದೊಣ್ಣೆಮೆಣಸಿನಕಾಯಿ ಜೋರಾಗಿ ಬಂದರೆ ಹಣ್ಣು ಮಾಗುವ ಮೊದಲೇ ಕೊಯ್ದರು, ಇಲ್ಲವೇ ಎಲೆ ದಟ್ಟವಾಗಿ ಗೊಂಚಲಿಗೆ ಬಿಸಿಲು ಬೀಳಲಿಲ್ಲ ಎಂದರ್ಥ. ಒಂದೇ ಮೂಸಿಗೆ ಇಷ್ಟು ತಿಳಿಯುತ್ತದೆ. ಆದರೆ ‘ದೊಣ್ಣೆಮೆಣಸಿನಕಾಯಿ ವಾಸನೆ’ ಎಂದು ತುಂಬಿದ ಸಭೆಯಲ್ಲಿ ಹೇಳಿದರೆ ಮರ್ಯಾದೆ ಉಳಿಯುತ್ತದೆಯೇ?

ಬ್ಲ್ಯಾಕ್‌ಕರಂಟಿನ ಬಗ್ಗೆ ಇನ್ನೂ ಒಂದು ಮಾತು. ನಮ್ಮ ಪಾಲಿಗೆ ಅದು ಐಸ್‌ಕ್ರೀಮಿನ ಬಣ್ಣ, ಹಣ್ಣು ನೋಡಿದವರು ಬೆರಳೆಣಿಕೆ. ಸಮಾಧಾನದ ಸಂಗತಿಯೆಂದರೆ ಅಮೆರಿಕದವರ ಗತಿಯೂ ಹೆಚ್ಚುಕಡಿಮೆ ಇದೇ. ಪೈನ್ ಮರಗಳಿಗೆ ತುಕ್ಕುರೋಗ ಹರಡುತ್ತದೆಂದು 20ನೇ ಶತಮಾನದ ಆರಂಭದಲ್ಲೇ ಅಲ್ಲಿ ಆ ಗಿಡ ಬೆಳೆಯುವುದನ್ನು ನಿಷೇಧಿಸಿದರು. ಒಕ್ಕೂಟ ಸರ್ಕಾರದ ನಿಷೇಧ ಹೋದದ್ದು 1966ರಲ್ಲಿ, ನ್ಯೂಯಾರ್ಕ್ ರಾಜ್ಯ ಬಿಟ್ಟುಕೊಟ್ಟದ್ದು 2003ರಲ್ಲಿ. ಅಂದರೆ ಇಡೀ ಒಂದು ತಲೆಮಾರಿನ ಕ್ಯಾಲಿಫೋರ್ನಿಯಾ ಪಂಡಿತರು ಬಾಯಿಗೆ ಹಾಕಿಕೊಳ್ಳದ ಹಣ್ಣಿನ ಹೆಸರಲ್ಲಿ ವೈನಿಗೆ ಅಂಕ ಕೊಟ್ಟರು. ನಾವು ಅವರನ್ನು ನೋಡಿ ಕಲಿತೆವು. ಕುರುಡನ ಹೆಗಲ ಮೇಲೆ ಕುರುಡ ಕೈ ಇಟ್ಟು ಸಂತೆಗೆ ಹೋದಂತೆ.

ಕನ್ನಡದವನಿಗೆ ಈ ಬಾಡಿಗೆ ಮೂಗು ಯಾಕೆ ಬೇಕಾಯಿತೋ ತಿಳಿಯದು. ‘ಟ್ಯಾನಿನ್’ ಎಂದರೇನು ಎಂದು ವಿವರಿಸಲು ಇಂಗ್ಲಿಷಿನವರು ಒಂದು ಪುಟ ಬರೆಯುತ್ತಾರೆ: ನಾಲಿಗೆ ಒಣಗಿದಂತೆ, ಒಸಡು ಬಿಗಿದಂತೆ, ವೆಲ್ವೆಟ್ ಸವರಿದಂತೆ. ನಮ್ಮಲ್ಲಿ ಮೂರಕ್ಷರ, ಒಗರು. ಎಳೆ ಅಡಿಕೆ ಜಗಿದವನಿಗೆ, ನೇರಳೆ ಹಣ್ಣು ತಿಂದು ನಾಲಿಗೆ ದೊರಗಾಗಿ ನೀಲಿಯಾದ ಮಗುವಿಗೆ ಅದರ ಪಾಠ ಬೇಡ. ಷಡ್ರಸದಲ್ಲಿ ಒಗರಿಗೆ ಕುರ್ಚಿ ಕೊಟ್ಟು ಕೂರಿಸಿದ ಜನ ನಾವು. ಕಾರ್ಕಿನಿಂದ ಕೆಟ್ಟ ವೈನಿಗೆ ‘ಒದ್ದೆ ರಟ್ಟು, ಹಳೆಯ ನೆಲಮಾಳಿಗೆ’ ಎನ್ನುತ್ತಾರೆ ಅವರು. ನಮ್ಮದು ಮುಗ್ಗಲು, ಮಳೆಗಾಲದಲ್ಲಿ ನೆನೆದ ಗೋಣಿಚೀಲ. ಅದನ್ನು ಮಾಡುವುದು ಟಿಸಿಎ ಎಂಬ ವಸ್ತು, ಕಾರ್ಕಿನಲ್ಲಿ ಬೂಷ್ಟು ಸೇರಿದಾಗ ಹುಟ್ಟುವುದು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಹತ್ತುತ್ತದೆ. ಕುಡಿದರೆ ಅಪಾಯವಿಲ್ಲ, ಆದರೆ ಗಾಳಿಯಾಡಲು ಬಿಟ್ಟರೂ ಹೋಗುವುದಿಲ್ಲ. ಹೋಟೆಲಿನಲ್ಲಿ ವೇಟರ್ ಗ್ಲಾಸಿಗೆ ಒಂದು ಗುಟುಕು ಸುರಿದು ಕಾಯುತ್ತಾನಲ್ಲ, ಅದು ಈ ಮುಗ್ಗಲು ಇದೆಯೇ ನೋಡಿ ಹೇಳಿ ಎಂದು. ‘ರುಚಿಯಾಗಿದೆಯೇ ಯಜಮಾನರೇ’ ಎಂದಲ್ಲ. ಕಾರ್ಕನ್ನು ಮೂಸಿ ತಲೆಯಾಡಿಸುವುದರಿಂದಲೂ ಏನೂ ತಿಳಿಯುವುದಿಲ್ಲ, ಕಾರ್ಕು ಕಾರ್ಕಿನಂತೆಯೇ ನಾರುತ್ತದೆ.

ಘಾಟು ಎಂಬ ಮಾತಿದೆ: ಉಗುರುಬಣ್ಣ ಅಳಿಸುವ ದ್ರಾವಣದಂಥ ವಾಸನೆ ವೈನಿನಲ್ಲಿ ಬಂದರೆ ಅದು ವಿನೆಗರಿನ ದಾರಿ ಹಿಡಿದಿದೆ. ಕೊಟ್ಟಿಗೆ ವಾಸನೆ ಬಂದರೆ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಪೀಪಾಯಿಗೆ ಹೊಕ್ಕಿದೆ. ಇದನ್ನು ಬಲ್ಲವರು ‘ಹಳ್ಳಿಯ ಸೊಬಗು’ ಎಂದು ಹೊಗಳುವುದೂ ಉಂಟು. ಕೊಟ್ಟಿಗೆ ಬಳಿದವರನ್ನು ಯಾರೂ ಕೇಳಿಲ್ಲ. ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ವೈನ್ ಹಳೆಯದಾದರೆ ಸೀಮೆಎಣ್ಣೆ ವಾಸನೆ ಹೊಡೆಯುತ್ತದೆ. ಅದು ದೋಷವಲ್ಲ, ಗುಣ. ರೇಷನ್ ಅಂಗಡಿಯ ಮುಂದೆ ಕ್ಯಾನ್ ಹಿಡಿದು ನಿಂತವರೆಲ್ಲ ಆ ಲೆಕ್ಕದಲ್ಲಿ ತರಬೇತಿ ಪಡೆದ ಪರಿಣತರು. ಓಕ್ ಪೀಪಾಯಿಯಲ್ಲಿ ಬೆಳೆದ, ಶಾರ್ಡನೇ ಎಂಬ ಬಿಳಿ ದ್ರಾಕ್ಷಿಯ ವೈನಿನ ಬೆಣ್ಣೆ ವಾಸನೆ ಉಪಮೆಯಲ್ಲ, ಬೆಣ್ಣೆಯಲ್ಲಿರುವ ಡೈಅಸಿಟೈಲೇ ಅದರಲ್ಲೂ ಇರುವುದು. ಬ್ಯಾಕ್ಟೀರಿಯಾ ಹುಳಿಸೇಬಿನ ಆಮ್ಲವನ್ನು ಮೊಸರಿನ ಆಮ್ಲವಾಗಿ ತಿರುಗಿಸುವಾಗ ಹುಟ್ಟುತ್ತದೆ. ದಾವಣಗೆರೆಯವರು ಈ ವೈನಿಗೆ ತೀರ್ಪುಗಾರರಾಗಬೇಕಿತ್ತು. ಫ್ರಾನ್ಸಿನ ಶಾಬ್ಲಿಯಲ್ಲಿ ಅದೇ ಶಾರ್ಡನೇಯನ್ನು ಹೆಚ್ಚಾಗಿ ಓಕ್ ಸೋಕದಂತೆ ಮಾಡುತ್ತಾರೆ, ಕುಡಿದರೆ ನಿಂಬೆಹುಳಿ. ದ್ರಾಕ್ಷಿ ಒಂದೇ, ಊರು ಬೇರೆ, ಪಾತ್ರೆ ಬೇರೆ.

ಇನ್ನು ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನಿನ ಕಾಳುಮೆಣಸು ವಾಸನೆ. ಅದೂ ಉಪಮೆಯಲ್ಲ. ರೊಟಂಡೋನ್ ಎಂಬ ವಸ್ತು ಕೊಡಗಿನ ಮೆಣಸಿನಲ್ಲೂ ಶಿರಾಜ್ ಸಿಪ್ಪೆಯಲ್ಲೂ ಇದೆ ಎಂದು ಆಸ್ಟ್ರೇಲಿಯಾದವರು 2008ರಲ್ಲಿ ಪ್ರಕಟಿಸಿದರು. ಜೊತೆಗೆ ಇನ್ನೊಂದನ್ನೂ ಕಂಡುಕೊಂಡರು: ಐವರಲ್ಲಿ ಒಬ್ಬರಿಗೆ ಆ ವಾಸನೆ ಎಷ್ಟು ಹಾಕಿದರೂ ಹತ್ತುವುದೇ ಇಲ್ಲ. ಮೇಳದ ಮೇಜಿನಲ್ಲಿ ಐವರು ಕೂತಿದ್ದರೆ ಆ ಒಬ್ಬರನ್ನು ಗುರುತಿಸುವುದು ಸುಲಭ. ‘ಆಹಾ, ಪೆಪ್ಪರ್!’ ಎಂದು ಎಲ್ಲರಿಗಿಂತ ಮೊದಲು ಹೇಳಿದವರು ಅವರೇ.

‘ತೆರ್ವಾರ್’ ಎಂಬ ಫ್ರೆಂಚ್ ಮಾತನ್ನಂತೂ ಕೇಳಲೇಬೇಡಿ. ಮಣ್ಣು, ಇಳಿಜಾರು, ಹವೆ, ಬೆಳೆಗಾರನ ಕೈ ಎಲ್ಲ ಸೇರಿ ವೈನಿಗೆ ಬರುವ ಆ ಊರಿನದೇ ಗುಣ ಎಂದು ಮುಕ್ಕಾಲು ಗಂಟೆ ಸ್ಲೈಡ್ ತೋರಿಸುತ್ತಾರೆ. ಸೊಗಡು ಎಂದರೆ ಮುಗಿಯಿತು. ಅವರೆಕಾಯಿ ಕಾಲದಲ್ಲಿ ಬುಟ್ಟಿಗೆ ಮೂಗಿಟ್ಟು ಸೊಗಡಿದ್ದರೆ ಮಾತ್ರ ಚೀಲ ಹಿಡಿಯುವ ಜನಕ್ಕೆ ತೆರ್ವಾರ್ ಕಲಿಸಲು ಬಂದಿದ್ದಾರೆ.

ಈಗ ಗ್ಲಾಸು ತಿರುಗಿಸುವ ವಿದ್ಯೆ. ಇದಕ್ಕೆ ಅರ್ಥವಿದೆ, ಇಲ್ಲವೆನ್ನುವುದಿಲ್ಲ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬದ ಗ್ಲಾಸನ್ನು ಮೇಜಿನ ಮೇಲೇ ಇಟ್ಟು ಮೂರು ನಾಲ್ಕು ಸುತ್ತು ತಿರುಗಿಸಿದರೆ ವೈನ್ ಗೋಡೆಗೆ ಹರಡಿ ಪರಿಮಳ ಏಳುತ್ತದೆ, ಕಿರಿದಾದ ಬಾಯಿ ಅದನ್ನು ಹಿಡಿದಿಡುತ್ತದೆ. ಗ್ಲಾಸನ್ನು ಅದರ ಕಾಲಿನಲ್ಲಿ ಹಿಡಿಯುವುದು ಅಂಗೈ ಬಿಸಿ ತಾಗದಿರಲಿ ಎಂದು. ತಿರುಗಿಸುವ ಮೊದಲೊಮ್ಮೆ, ತಿರುಗಿಸಿದ ಮೇಲೊಮ್ಮೆ ಮೂಸಬೇಕು. ಸಣ್ಣ ಸಣ್ಣದಾಗಿ, ನಾಯಿಯಂತೆ. ಒಂದೇ ಸಮ ಎಳೆದರೆ ಮೂಗು ಬೇಗ ಸೋಲುತ್ತದೆ. ಆಮೇಲೆ ಒಂದು ಗುಟುಕನ್ನು ಬಾಯಲ್ಲಿ ಇಡೀ ಓಡಾಡಿಸಿ, ತುಸು ಗಾಳಿ ಎಳೆದುಕೊಂಡು, ಉಗುಳಬೇಕು. ಉಗುಳಲು ಇಟ್ಟ ಸ್ಟೀಲ್ ಪಾತ್ರೆಗೆ ದೊಡ್ಡ ಇಂಗ್ಲಿಷ್ ಹೆಸರು. ಎಲೆಅಡಿಕೆ ತಾತಂದಿರು ಅದನ್ನು ಪೀಕದಾನಿ ಎನ್ನುತ್ತಿದ್ದರು, ಪ್ರವೇಶಶುಲ್ಕ ಇರಲಿಲ್ಲ.

ಸಹಿಸಲಾಗದ್ದು ಗ್ಲಾಸಿನ ಗೋಡೆಯಿಂದ ಇಳಿಯುವ ಎಳೆಗಳನ್ನು ದೀಪಕ್ಕೆ ಹಿಡಿದು ‘ಕಾಲುಗಳು ನೋಡಿ, ಎಂಥ ಗುಣಮಟ್ಟ’ ಎನ್ನುವುದು. ಆಲ್ಕೋಹಾಲು ನೀರಿಗಿಂತ ಬೇಗ ಆರುತ್ತದೆ. ಆರಿದ ಕಡೆ ಮೇಲ್ಮೈ ಬಿಗಿತ ಹೆಚ್ಚಿ ದ್ರವವನ್ನು ಮೇಲಕ್ಕೆ ಎಳೆಯುತ್ತದೆ. ಭಾರವಾದಾಗ ಹನಿಯಾಗಿ ಇಳಿಯುತ್ತದೆ. 1855ರಲ್ಲೇ ಜೇಮ್ಸ್ ಥಾಮ್ಸನ್ ವಿವರಿಸಿದ ಭೌತಶಾಸ್ತ್ರ. ಅಗ್ಗದ ರಮ್ಮಿಗೆ ಇದಕ್ಕಿಂತ ಚೆಂದದ ಕಾಲುಗಳಿವೆ.

ಪಂಡಿತರ ಮೂಗಿನ ಪರೀಕ್ಷೆಯೂ ಆಗಿದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುವ 54 ವಿದ್ಯಾರ್ಥಿಗಳಿಗೆ ಒಂದು ಬಿಳಿ ವೈನ್ ಕೊಟ್ಟರು, ಮತ್ತೆ ಅದೇ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಬಣ್ಣ ಹಾಕಿದ್ದಕ್ಕೆ ಕೆಂಪು ವೈನಿನ ವಿಶೇಷಣಗಳೆಲ್ಲ ಬಂದವು. ಕ್ಯಾಲಿಫೋರ್ನಿಯಾ ರಾಜ್ಯ ಮೇಳದಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬ ಸಾಗರಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ, ಸ್ವತಃ ವೈನ್ ಮಾಡುವವರು, 2005ರಿಂದ 2008ರವರೆಗೆ ತೀರ್ಪುಗಾರರಿಗೆ ಗೊತ್ತಾಗದಂತೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಸಾಲಿನಲ್ಲಿ ಸೇರಿಸಿದರು. ಮೂರಕ್ಕೂ ಒಂದೇ ದರ್ಜೆಯ ಪದಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು. 2008ರ ಇನ್ನೊಂದು ಪ್ರಯೋಗದಲ್ಲಿ ಜನರನ್ನು ಮಿದುಳಿನ ಸ್ಕ್ಯಾನರಿನಲ್ಲಿ ಮಲಗಿಸಿ ನಳಿಕೆಯಲ್ಲಿ ವೈನ್ ಕೊಟ್ಟರು. ಅದೇ ವೈನಿಗೆ 10 ಡಾಲರ್ ಎಂದಾಗ ಅಷ್ಟಕ್ಕಷ್ಟೆ, 90 ಡಾಲರ್ ಎಂದಾಗ ಮಿದುಳಿನ ಸುಖದ ಭಾಗ ನಿಜವಾಗಿಯೂ ಹೆಚ್ಚು ಬೆಳಗಿತು. ಅವರು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಬೆಲೆಯೇ ರುಚಿಯಾಗಿತ್ತು.

ನಿಮ್ಮ ಮೂಗನ್ನು ನೀವೇ ಪರೀಕ್ಷಿಸಬೇಕೆಂದರೆ ಖರ್ಚಿಲ್ಲದ ಉಪಾಯವಿದೆ. ಒಂದೇ ಬಗೆಯ ಮೂರು ಗ್ಲಾಸು. ಎರಡಕ್ಕೆ ಒಂದು ವೈನ್, ಒಂದಕ್ಕೆ ಇನ್ನೊಂದು, ತಲಾ 20 ಮಿಲಿ, ತಣ್ಪು ಒಂದೇ ಇರಲಿ. ಸುರಿಯುವವರು ಬೇರೆಯವರು, ಗುರುತು ಗ್ಲಾಸಿನ ತಳದಲ್ಲಿ. ಬೇರೆಯದು ಯಾವುದು ಎಂದಷ್ಟೇ ಹೇಳಬೇಕು, ವಿಶೇಷಣ ಬೇಡ. ಕಣ್ಣುಮುಚ್ಚಿ ಹೇಳಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಹಾಗಾಗಿ ಆರು ಸಲ ಮಾಡಿ. ಐದು ಸಲ ಸರಿ ಬಂದರೆ ಮೂಗನ್ನು ನಂಬಬಹುದು. ಬರೀ ಅದೃಷ್ಟದಿಂದ ಹಾಗಾಗುವುದು ನೂರಕ್ಕೆ ಎರಡು ಸಲವೂ ಇಲ್ಲ. ಮುಂದಿನ ಮೇಳದ ಉದ್ಘಾಟನೆಯನ್ನು ದೀಪ ಹಚ್ಚುವ ಬದಲು ಹೀಗೆ ಮಾಡಿಸಬಹುದು. ವೇದಿಕೆ ಖಾಲಿಯಾದೀತು ಎಂಬ ಭಯವೊಂದೇ.

ಇಷ್ಟೆಲ್ಲ ಪಂಡಿತರು ಒಮ್ಮತದಿಂದ ಮೂಗು ಮುರಿಯುವ ದ್ರಾಕ್ಷಿಯೊಂದಿದೆ. ನಮ್ಮದೇ ಬೆಂಗಳೂರು ನೀಲಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಹಣ್ಣು. ಭೌಗೋಳಿಕ ಸೂಚಿಯ ಮುದ್ರೆಯೂ ಇದೆ. ಯುರೋಪಿನ ವಿನಿಫೆರಾ ಜಾತಿಯದಲ್ಲ, ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತವಿರುವ ಇಸಬೆಲ್ಲಾ ತಳಿಯ ವಂಶದ್ದು. ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಪಂಡಿತರ ಭಾಷೆಯಲ್ಲಿ ಅದರದು ‘ನರಿ ವಾಸನೆ’. ನರಿಯನ್ನು ಮೂಸಿದವರು ಯಾರೋ ಗೊತ್ತಿಲ್ಲ. ಆ ವಾಸನೆ ಮೀಥೈಲ್ ಆಂತ್ರನಿಲೇಟಿನದು. ದ್ರಾಕ್ಷಿ ಪೆಪ್ಪರಮೆಂಟು, ದ್ರಾಕ್ಷಿ ಶರಬತ್ತು ಎಲ್ಲಕ್ಕೂ ಹಾಕುವುದು ಅದನ್ನೇ. ಹಕ್ಕಿಗಳಿಗೆ ಅದು ಆಗದು, ಓಡಿಸಲು ಸಿಂಪಡಿಸುತ್ತಾರೆ. ಹಕ್ಕಿ ಮತ್ತು ವೈನ್ ಪಂಡಿತರು ಈ ಒಂದು ವಿಷಯದಲ್ಲಿ ಒಂದೇ ಪಕ್ಷ. ಫ್ರಾನ್ಸ್ 1930ರ ದಶಕದಲ್ಲಿ ಇಸಬೆಲ್ಲಾ ಸೇರಿ ಆರು ತಳಿಗಳನ್ನು ನಿಷೇಧಿಸಿತು, ಇವುಗಳ ವೈನ್ ಕುಡಿದರೆ ಹುಚ್ಚು ಹಿಡಿಯುತ್ತದೆ ಎಂಬ ಪುಕಾರೂ ಎದ್ದಿತ್ತು. ವೈನ್ ವಿಪರೀತವಾಗಿ ಬೆಲೆ ಮಣ್ಣುಪಾಲಾಗಿತ್ತು, ಅಸಲು ವಿಷಯ ಅದು.

ಬೆಂಗಳೂರು ನೀಲಿಯಿಂದ ದೊಡ್ಡ ವೈನ್ ಆಗುತ್ತದೆ ಎಂದು ನಾನು ವಾದಿಸುತ್ತಿಲ್ಲ. ಹುಳಿ ಹೆಚ್ಚು, ಸಕ್ಕರೆ ಕಡಿಮೆ, ಆ ವಾಸನೆ ಬೇರೆಲ್ಲವನ್ನೂ ಮುಚ್ಚುತ್ತದೆ. ಸಿಹಿ ಸೇರಿಸಿ, ಗಟ್ಟಿ ಮಾಡಿ ಮಾರುವ ಅಗ್ಗದ ‘ಪೋರ್ಟ್’ಗೆ ಹೋಗುವುದು ಅದಕ್ಕೇ. ಆದರೆ 2007ರಲ್ಲಿ ರಾಜ್ಯ ವೈನ್ ನೀತಿ ತಂದಾಗ, ಮಂಡಳಿ ಮಾಡಿದಾಗ ಹೇಳಿದ್ದು ರೈತನ ಹೆಸರು. ಇಷ್ಟು ವರ್ಷಗಳಲ್ಲಿ ಮೇಳಗಳ ಫೋಟೊದಲ್ಲಿ ರೈತನನ್ನು ನೋಡಿದ್ದೀರಾ? 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ಬೆಳೆಗಾರರು ಕೊಯ್ದ ಹಣ್ಣನ್ನು ಕೊಳ್ಳುವವರಿಲ್ಲದೆ ಸುರಿದರು. ಆಗ ಯಾವ ಮೂಗೂ ಬರಲಿಲ್ಲ. ವಿಮಾನ ನಿಲ್ದಾಣ ಬಂದಮೇಲೆ ತೋಟ ಸೈಟಾಗುತ್ತಿದೆ. ಚಪ್ಪರ ಕಿತ್ತು, ಕಲ್ಲುಕಂಬ ಮಾರಿ, ಆ ಲೇಔಟಿಗೆ ‘ವಿನ್ಯಾರ್ಡ್’ ಎಂದು ಹೆಸರಿಡುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ, ಬರೆಯಲೂ ಬೇಸರ.

ಇರಲಿ. ತಣ್ಪಿನ ವಿಷಯ ಬಾಕಿಯಿದೆ, ಅದು ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು. ‘ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು’ ಎಂಬ ಮಂತ್ರವಿದೆಯಲ್ಲ, ಆ ಕೋಣೆ ಫ್ರಾನ್ಸಿನ ಕಲ್ಲುಮನೆಯದು, 16ರಿಂದ 18 ಡಿಗ್ರಿ. ಏಪ್ರಿಲಿನ ವಿಜಯಪುರದ ಕೋಣೆಯಲ್ಲಿ ಅದೇ ಮಂತ್ರ ಹೇಳಿದರೆ ಕುಡಿಯುವುದು ಕಷಾಯ: ಆಲ್ಕೋಹಾಲು ಮೂಗಿಗೆ ರಾಚುತ್ತದೆ, ಹಣ್ಣು ಸತ್ತಿರುತ್ತದೆ. ಕೆಂಪನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಯಾರೂ ಬೈಯುವುದಿಲ್ಲ. ಬಿಳಿಗೆ 8ರಿಂದ 12 ಸಾಕು. ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಬಿಟ್ಟರೆ ಪರಿಮಳ ಬಾಯಿಬಿಡುತ್ತದೆ. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು. ಬರೀ ಐಸಿನಲ್ಲಿ ಹೂತರೆ ಬಾಟಲಿಗೆ ತಾಗುವುದು ಐಸಿಗಿಂತ ಗಾಳಿಯೇ ಹೆಚ್ಚು.

ಬಿಸಿಯ ಮಾತು ಬಂದಾಗ ಲಂಡನ್ನಿನ ಆ ಪ್ರಖ್ಯಾತ ಬಾಟಲಿ ನೆನಪಾಗುತ್ತದೆ. 1985ರ ಡಿಸೆಂಬರಿನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1787ರದೆಂದು ಹೇಳಿದ, ಲಾಫಿತ್ ಎಂಬ ಫ್ರೆಂಚ್ ವೈನಿನ ಒಂದು ಬಾಟಲಿ 1,05,000 ಪೌಂಡಿಗೆ ಹೋಯಿತು. ಗಾಜಿನ ಮೇಲೆ ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್‌ರ ಮೊದಲಕ್ಷರ ಕೊರೆದಿತ್ತು. ತಂದವನು ಜರ್ಮನಿಯ ವೈನ್ ಸಂಗ್ರಾಹಕ ಹಾರ್ಡಿ ರೋಡೆನ್‌ಸ್ಟಾಕ್, ಕೊಂಡವರು ಫೋರ್ಬ್ಸ್ ಕುಟುಂಬ. ಅವರು ಅದನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟರು, ಮೇಲೊಂದು ದೀಪ. ದೀಪದ ಶಾಖಕ್ಕೆ ಕಾರ್ಕು ಒಣಗಿ ಸಣ್ಣಗಾಗಿ ಬಾಟಲಿಯೊಳಕ್ಕೆ ಬಿತ್ತು. ಅಂಥವೇ ನಾಲ್ಕು ಬಾಟಲಿ ಕೊಂಡಿದ್ದ ಬಿಲ್ ಕೋಕ್ ಎಂಬ ಕೋಟ್ಯಧಿಪತಿ ಮುಂದೆ ಪತ್ತೇದಾರರನ್ನು ಬಿಟ್ಟು ತನಿಖೆ ಮಾಡಿಸಿದರು. ಅಕ್ಷರ ಕೊರೆದದ್ದು ವಿದ್ಯುತ್ ಉಪಕರಣದಲ್ಲಿ ಎಂದು ತಜ್ಞರು ಹೇಳಿದರು. 18ನೇ ಶತಮಾನದಲ್ಲಿ ಕರೆಂಟು ಎಲ್ಲಿಂದ ಬಂತು ಎಂದು ಯಾವ ನಾಲಿಗೆಯೂ ಕೇಳಿರಲಿಲ್ಲ.

ಅದೇ ಶೋಕೇಸು ನಮ್ಮ ಪ್ರತಿ ತಾಲ್ಲೂಕಿನಲ್ಲಿದೆ. ಫಲಕದಲ್ಲಿ ದೇವರ ಹೆಸರು, ಪಕ್ಕದಲ್ಲಿ ‘ವೈನ್ಸ್’. ಒಳಗೆ 90 ಮಿಲಿಯ ಟೆಟ್ರಾ ಪ್ಯಾಕಿನ ವಿಸ್ಕಿ ಗೋಡೆಯಂತೆ ಪೇರಿಸಿದೆ. ವೈನ್ ಕೇಳಿದರೆ ಹುಡುಗ ಸ್ಟೂಲ್ ಹತ್ತಬೇಕು. ಮೇಲಿನ ಅಟ್ಟದಲ್ಲಿ, ಶೀಟಿನ ಚಾವಣಿಗೆ ಒಂದಡಿ ಕೆಳಗೆ, ಟ್ಯೂಬ್‌ಲೈಟಿಗೆ ತಾಗಿಕೊಂಡು ಮೂರು ಬಾಟಲಿ ನಿಂತಿವೆ. ಮಲಗಿಸಿದ್ದರೆ ಕಾರ್ಕು ನೆನೆದಿರುತ್ತಿತ್ತು, ಆದರೆ ಮಲಗಿಸಿದರೆ ಹೆಸರು ಕಾಣುವುದಿಲ್ಲ. ಎಷ್ಟು ಬೇಸಿಗೆ ಕಳೆದಿವೆಯೋ. ಕಾರ್ಕು ಕುತ್ತಿಗೆಯಿಂದ ಎರಡು ಮಿಲಿಮೀಟರ್ ಮೇಲೆದ್ದಿದೆ. ವೈನ್ ಕಾದು ಹಿಗ್ಗಿ ತಳ್ಳಿದ್ದು ಅದು, ಒಳಗಿರುವುದು ಬೇಯಿಸಿದ ಹಣ್ಣಿನ ರಸ. ಹುಡುಗ ಬನಿಯನ್ನಿನಲ್ಲಿ ಧೂಳು ಒರೆಸಿ, ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಹಿಂದಿನ ಲೇಬಲಿನಲ್ಲಿ ಬ್ಲ್ಯಾಕ್‌ಕರಂಟು, ಸೀಡರು ಎಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ತಂಪಾದ, ಬೆಳಕಿಲ್ಲದ ಜಾಗದಲ್ಲಿ ಮಲಗಿಸಿ ಇಡಿ.